ಅಫಘಾನ ಪ್ರಜೆಯ ನ್ಯಾಯಾನ್ವೇಷಣೆ

ಅಫಘಾನಿಸ್ತಾನದ ಯಾವುದೋ ಒಂದು ಕಣಿವೆಯಲ್ಲಿ ಒಂದು ಜರೀಬು ನೆಲ, ಎಂದರೆ ನಮ್ಮ ಲೆಕ್ಕದಲ್ಲಿ ಸುಮಾರು ಅರ್ಧ ಎಕರೆ, ಯಾರಿಗೆ ಸೇರತಕ್ಕದ್ದು ಎಂಬ ವ್ಯಾಜ್ಯ ಹುಟ್ಟಿತೆನ್ನೋಣ. ಒಬ್ಬನ ಕೈಯಲ್ಲಿ ದೊರೆ ಜಾಹೀರ್ ಷಾನ ಕಾಲದಲ್ಲಿ ನ್ಯಾಯಾಲಯದಲ್ಲಿ ದಾಖಲಾದ ಕಬಾಲಾ, ಅಂದರೆ ಭೂಮಿಯ ಹಕ್ಕುಪತ್ರ, ಇರುತ್ತದೆ. ಎರಡನೆಯವನ ಕೈಯಲ್ಲಿ, 1978ರಲ್ಲಿ ಅಧಿಕಾರವನ್ನು ವಶಪಡಿಸಿಕೊಂಡ ಕಮ್ಯೂನಿಸ್ಟ್ ಸರ್ಕಾರವು ತನ್ನ ಎಂಟನೆಯ ಆಜ್ಞಾಪತ್ರದಿಂದ ಮೂವತ್ತು ಜರೀಬುಗಳ ಮಿತಿಯನ್ನು ವಿಧಿಸಿ, ಮಿಕ್ಕ ನೆಲವನ್ನು ಒಡೆಯರಿಂದ ಕಿತ್ತು ಭೂಹೀನರಿಗೆ ಹಂಚಿದಾಗ ಕೊಟ್ಟ ಚೀಟಿ ಇರುತ್ತದೆ. ಮೂರನೆಯವನು ಸೋವಿಯತ್ ಸೇನೆಯೊಡನೆ ಕಾದಿದ ಮುಜಾಹಿದೀನ್ ದಳಪತಿಯೊಬ್ಬನ ಅನುಗ್ರಹದಿಂದ ಅದೇ ನೆಲವನ್ನು ಪಡೆದವನು. ನಾಲ್ಕನೆಯವನು ತೊಂಬತ್ತರ ದಶಕದ ತಾಲಿಬಾನ್ ಖಾಜಿಯ ತೀರ್ಪನ್ನು ಹಿಡಿದು ಬಂದವನು. ಐದನೆಯವನ ಬಳಿ ಪತ್ರವೆಂಬುದೇ ಇಲ್ಲ, ಆದರೆ ಆ ಬದುವಿನ ಮೇಲಿನ ಮಲ್ಬರಿ ಮರವನ್ನು ನೆಟ್ಟವನು ಆತನ ಅಜ್ಜನೆಂಬುದಕ್ಕೆ ಊರಿನ ಹಿರಿಯರೆಲ್ಲ ಸಾಕ್ಷಿಗಳು. ಐವರೂ ಸುಳ್ಳರಲ್ಲ. ಮೊದಲ ನಾಲ್ವರಲ್ಲಿ ಪ್ರತಿಯೊಬ್ಬನಿಗೂ ಆಯಾ ಕಾಲದ ಪ್ರಭುತ್ವವೊಂದು ನ್ಯಾಯದ ಹೆಸರಿನಲ್ಲಿಯೇ ಮಾತು ಕೊಟ್ಟಿತ್ತು. ಮಾತು ಕೊಟ್ಟ ಪ್ರಭುತ್ವಗಳು ಮಾತ್ರ ಒಂದರ ಹಿಂದೊಂದು ಅಳಿದುಹೋದುವು.

2002ರ ತರುವಾಯ ಪಾಕಿಸ್ತಾನದಿಂದಲೂ ಇರಾನಿನಿಂದಲೂ ಐವತ್ತು ಲಕ್ಷಕ್ಕೂ ಮೀರಿದ ನಿರಾಶ್ರಿತರು ಸ್ವದೇಶಕ್ಕೆ ಮರಳಿದಾಗ, ತಮ್ಮ ಮನೆಯಲ್ಲಿ ಇನ್ನೊಬ್ಬನು ಒಲೆ ಹೊತ್ತಿಸುತ್ತಿರುವುದನ್ನೂ ತಮ್ಮ ಹೊಲಕ್ಕೆ ಇನ್ನೊಬ್ಬನು ನೀರು ಕಟ್ಟುತ್ತಿರುವುದನ್ನೂ ಕಂಡವರ ಸಂಖ್ಯೆ ಅಪಾರವಾಗಿದ್ದಿತು. ಆ ದೇಶದಲ್ಲಿ ಹುಟ್ಟುವ ಕಲಹಗಳಲ್ಲಿ ಬಹುಪಾಲು ನೆಲ, ನೀರು, ಪಿತ್ರಾರ್ಜಿತ, ವಿವಾಹ, ಈ ನಾಲ್ಕರಿಂದಲೇ ಹುಟ್ಟತಕ್ಕವು. ಆದುದರಿಂದ ಅಫಘಾನ ಪ್ರಜೆಗೆ ನ್ಯಾಯಾಡಳಿತವೆಂಬುದು ಸಂವಿಧಾನದ ಪುಟಗಳಲ್ಲಿ ವಾಸಿಸುವ ತತ್ತ್ವವಾಗಿ ಎಂದೂ ಪರಿಚಿತವಾದುದಲ್ಲ. ಬೆಳೆ ಒಣಗುವುದರೊಳಗೆ ಕಾಲುವೆಯ ಸರದಿಯನ್ನು ಯಾರು ತೀರ್ಮಾನಿಸಿಕೊಡುತ್ತಾರೆ, ತೀರ್ಮಾನಿಸಿದ ಬಳಿಕ ಅದನ್ನು ಬಲಿಷ್ಠನಾದ ಎದುರಾಳಿಯು ಪಾಲಿಸುವಂತೆ ಯಾರು ಮಾಡುತ್ತಾರೆ ಎಂಬ ದಿನನಿತ್ಯದ ಚಿಂತೆಯಾಗಿಯೇ ಅದು ಆತನನ್ನು ಎದುರುಗೊಂಡಿದೆ.

ಈ ಚಿಂತೆ ತಲೆದೋರಿದಾಗ ಆತನು ಮೊದಲು ಹೋಗುವುದು ಊರಿನ ಮುಖಂಡನಾದ ಮಲಿಕನ ಅಥವಾ ಅರ್ಬಾಬನ ಮನೆಗೆ. ಅಲ್ಲಿ ಬಗೆಹರಿಯದಿದ್ದರೆ ಹಿರಿಯರ ಕೂಟಕ್ಕೆ. ಪಷ್ತೂನರು ಇದನ್ನು ಜಿರ್ಗಾ ಎನ್ನುತ್ತಾರೆ, ದರಿ ಮಾತನಾಡುವವರು ಸಾಮಾನ್ಯವಾಗಿ ಶೂರಾ ಎನ್ನುತ್ತಾರೆ. ನಮ್ಮ ಹಳ್ಳಿಗಳ ಅರಳಿಕಟ್ಟೆಯ ಪಂಚಾಯಿತಿಯನ್ನು ಬಲ್ಲ ಕನ್ನಡಿಗನಿಗೆ ಜಿರ್ಗಾದ ಸ್ವರೂಪವನ್ನು ಬಹಳ ವಿವರಿಸಬೇಕಾಗಿಲ್ಲವಾದರೂ, ಅದರ ಕೆಲವು ವಿಧಿಗಳು ಲಕ್ಷ್ಯಕ್ಕೆ ಅರ್ಹವಾದವು. ಹಿರಿಯರು ವರ್ತುಲಾಕಾರವಾಗಿ ಕುಳಿತುಕೊಳ್ಳುತ್ತಾರೆ. ಆ ವರ್ತುಲಕ್ಕೆ ಅಗ್ರಾಸನವಿಲ್ಲ. ವಾದಿ ಪ್ರತಿವಾದಿಗಳಿಬ್ಬರೂ ನಿರ್ಣಯದ ಅಧಿಕಾರವನ್ನು ಮೊದಲು ತಮ್ಮ ಬಾಯಿಂದಲೇ ಸಭೆಗೆ ಒಪ್ಪಿಸಿಕೊಡಬೇಕು. ಹಾಗೆ ಒಪ್ಪಿಸದ ಹೊರತು ಸಭೆಗೆ ಅವರ ಮೇಲೆ ಅಧಿಕಾರವಿಲ್ಲ. ಅದರ ಜೊತೆಗೆ ಮಚಲ್ಗಾ ಎಂಬ ಒತ್ತೆಯನ್ನು ಇಡಬೇಕು. ಅದು ಹಣವಿರಬಹುದು, ಬಂದೂಕವಿರಬಹುದು, ವಾಹನವಿರಬಹುದು. ತೀರ್ಪನ್ನು ಮೀರಿದವನು ಅದನ್ನು ಕಳೆದುಕೊಳ್ಳುತ್ತಾನೆ. ನಿರ್ಣಯವನ್ನು ನಿಶ್ಚಯಿಸುವುದು ನರ್ಖ್ ಎಂದು ಕರೆಯಲ್ಪಡುವ, ಪ್ರದೇಶದಿಂದ ಪ್ರದೇಶಕ್ಕೆ ಭೇದಿಸುವ, ಪೂರ್ವನಿದರ್ಶನಗಳ ಪರಂಪರೆ. ಅಪರಾಧಿಯನ್ನು ದಂಡಿಸುವುದಕ್ಕಿಂತಲೂ ಎರಡು ಮನೆಗಳ ನಡುವಣ ವೈರವನ್ನು ಶಮನಗೊಳಿಸುವುದೇ ಅದರ ಪ್ರಧಾನ ಲಕ್ಷ್ಯ. ಆದಕಾರಣವೇ ನನವಾತೈ ಎಂಬ ಪದ್ಧತಿಯುಂಟು: ತಪ್ಪಿತಸ್ಥನು ಹಿರಿಯರನ್ನು ಮುಂದಿಟ್ಟುಕೊಂಡು, ಕುರಿಯನ್ನು ಹೊಡೆದುಕೊಂಡು, ತಾನು ನೋಯಿಸಿದವನ ಮನೆಬಾಗಿಲಿಗೆ ಹೋಗಿ ಕ್ಷಮೆಯನ್ನು ಯಾಚಿಸುತ್ತಾನೆ. ಹಾಗೆ ಬಂದವನನ್ನು ಬರಿಗೈಯಲ್ಲಿ ಹಿಂದಿರುಗಿಸುವುದು ಗೌರವಸ್ಥನಿಗೆ ಬಹು ಕಷ್ಟ.

2007ರಲ್ಲಿ ಪ್ರಕಟವಾದ ಅಫಘಾನಿಸ್ತಾನದ ಮಾನವಾಭಿವೃದ್ಧಿ ವರದಿಯು, ದೇಶದ ವ್ಯಾಜ್ಯಗಳಲ್ಲಿ ಶೇಕಡ 80ರಷ್ಟು ಇಂತಹ ಕೂಟಗಳಲ್ಲಿಯೇ ಇತ್ಯರ್ಥವಾಗುತ್ತವೆಂದು ಅಂದಾಜು ಮಾಡಿತು. ಏಷ್ಯಾ ಫೌಂಡೇಷನ್ ಸಂಸ್ಥೆಯು ಅನೇಕ ವರ್ಷಗಳ ಪರ್ಯಂತ ನಡೆಸಿದ ಜನಾಭಿಪ್ರಾಯ ಸಮೀಕ್ಷೆಗಳಲ್ಲಿಯೂ, ಸರ್ಕಾರದ ನ್ಯಾಯಾಲಯಗಳಿಗಿಂತ ಶೂರಾಗಳೂ ಜಿರ್ಗಾಗಳೂ ಹೆಚ್ಚು ನ್ಯಾಯಪರವೆಂದೂ ಹೆಚ್ಚು ವಿಶ್ವಾಸಾರ್ಹವೆಂದೂ ಹೇಳಿದವರೇ ಅಧಿಕ. ಈ ಒಲವನ್ನು ಕಂಡು ಕೆಲವರು, ಅಫಘಾನರು ಸ್ವಭಾವತಃ ಸಂಪ್ರದಾಯಬದ್ಧರು, ಆಧುನಿಕ ನ್ಯಾಯವ್ಯವಸ್ಥೆ ಅವರಿಗೆ ರುಚಿಸುವುದಿಲ್ಲ ಎಂದು ಬರೆದಿದ್ದಾರೆ. ನನಗೆ ಈ ಮಾತು ಸರಿಯೆಂದು ತೋರುವುದಿಲ್ಲ. ಜಿರ್ಗಾ ಸಮೀಪದಲ್ಲಿದೆ, ಅದರ ಮಾತು ಎಲ್ಲರಿಗೂ ತಿಳಿಯುತ್ತದೆ, ಅದು ಕೆಲವೇ ದಿನಗಳಲ್ಲಿ ಮುಗಿಯುತ್ತದೆ, ತೀರ್ಪು ಕೊಟ್ಟವನು ನಾಳೆಯೂ ಅದೇ ಮಸೀದಿಯಲ್ಲಿ ಅದೇ ಜನರ ಮುಖವನ್ನು ನೋಡಬೇಕಾಗಿದೆ. ಈ ಗುಣಗಳನ್ನು ಮೆಚ್ಚುವುದಕ್ಕೆ ಸಂಪ್ರದಾಯದ ಮೋಹವೇನೂ ಬೇಡ, ಸಾಮಾನ್ಯ ವಿವೇಕ ಸಾಕು.

ಆದರೆ ಆ ವರ್ತುಲದ ಹೊರಗೆ ನಿಂತವರ ಅನುಭವವನ್ನು ಹೇಳದೆ ಅದನ್ನು ಕೊಂಡಾಡುವುದು ಅನ್ಯಾಯವಾದೀತು. ಜಿರ್ಗಾದಲ್ಲಿ ಕುಳಿತುಕೊಳ್ಳುವವರು ಬಹುಮಟ್ಟಿಗೆ ಪುರುಷರು, ಅವರಲ್ಲಿಯೂ ಉಳ್ಳವರು. ಹೆಣ್ಣಿನ ಪರವಾಗಿ ಅವಳ ತಂದೆ ಅಥವಾ ಅಣ್ಣ ಮಾತನಾಡಬೇಕು. ಅವಳ ದೂರು ಆ ತಂದೆಯ ಮೇಲೆ, ಆ ಅಣ್ಣನ ಮೇಲೆಯೇ ಆಗಿದ್ದರೆ ಅವಳಿಗೆ ನಾಲಗೆಯಿಲ್ಲ. ಕೊಲೆಯ ವೈರವನ್ನು ತೀರಿಸುವುದಕ್ಕಾಗಿ ಕೊಂದವನ ಮನೆಯ ಕನ್ಯೆಯನ್ನು ಸತ್ತವನ ಮನೆಗೆ ಕೊಡುವ ಬಾದ್ ಎಂಬ ಪದ್ಧತಿ ಇದರ ಅತ್ಯಂತ ಕ್ರೂರವಾದ ಫಲ. ಯಾವ ಅಪರಾಧವನ್ನೂ ಮಾಡದ, ಎಷ್ಟೋ ಸಲ ಇನ್ನೂ ಬಾಲೆಯಾದ ಹುಡುಗಿಯೊಬ್ಬಳು, ತನ್ನನ್ನು ಶತ್ರುವಿನ ಸಂತಾನವೆಂದೇ ಕಾಣುವ ಮನೆಯಲ್ಲಿ ಆಮರಣಾಂತವಾಗಿ ದಂಡವನ್ನು ತೆರುತ್ತಾಳೆ. 1976ರ ದಂಡಸಂಹಿತೆಯೂ 2009ರಲ್ಲಿ ಅಧ್ಯಕ್ಷ ಹಮೀದ್ ಕರ್ಜಾಯ್ ಹೊರಡಿಸಿದ, ಮಹಿಳೆಯರ ವಿರುದ್ಧದ ಹಿಂಸೆಯ 22 ಪ್ರಕಾರಗಳನ್ನು ಅಪರಾಧಗಳೆಂದು ಹೆಸರಿಸಿದ ಶಾಸನವೂ ಈ ಪದ್ಧತಿಯನ್ನು ನಿಷೇಧಿಸಿದ್ದುವು. ಇಸ್ಲಾಂ ಧರ್ಮಶಾಸ್ತ್ರವೂ ಇದನ್ನು ಒಪ್ಪುವುದಿಲ್ಲ. ಶಾಸನವೂ ಶಾಸ್ತ್ರವೂ ಒಂದಾಗಿ ಬೇಡವೆಂದರೂ ಬಾದ್ ಅಳಿಯಲಿಲ್ಲ. ಏಕೆಂದರೆ ಬಾದನ್ನು ಬೇಡವೆನ್ನಬೇಕಾದವಳನ್ನು ಕೇಳುವ ಸ್ಥಳವೇ ಅವಳ ಸಮೀಪದಲ್ಲಿ ಎಲ್ಲಿಯೂ ಇರಲಿಲ್ಲ.

ಹಾಗಾದರೆ ಪ್ರಭುತ್ವದ ನ್ಯಾಯಾಲಯ ಎಲ್ಲಿದ್ದಿತು? ಅದರ ಇತಿಹಾಸ ಅತ್ಯಂತ ಇತ್ತೀಚಿನದಲ್ಲ. 1880ರಿಂದ 1901ರವರೆಗೆ ಆಳಿದ ಅಮೀರ್ ಅಬ್ದುರ್ ರಹಮಾನನು ಖಾಜಿಗಳನ್ನು ಸಂಬಳದ ನೌಕರರನ್ನಾಗಿ ಮಾಡಿ, ಅವರಿಗೊಂದು ಕೈಪಿಡಿಯನ್ನೂ ಬರೆಯಿಸಿದನು. ಅಮಾನುಲ್ಲಾ ದೊರೆಯು 1923ರಲ್ಲಿ ದೇಶದ ಮೊದಲ ಸಂವಿಧಾನವನ್ನು ಕೊಟ್ಟನು. 1964ರ ಸಂವಿಧಾನವು ನ್ಯಾಯಾಂಗವನ್ನು ಸ್ವತಂತ್ರವಾದ ಅಂಗವೆಂದು ಸಾರಿತು. ಕಾಬೂಲಿನಲ್ಲಿ ಕಾನೂನಿನ ವ್ಯಾಸಂಗ ನಡೆಯಿತು, ಸಂಹಿತೆಗಳು ರಚಿತವಾದುವು. ಎರಡು ದಶಕಗಳಿಗೂ ಮೀರಿದ ಯುದ್ಧವು ಈ ಕಟ್ಟಡವನ್ನು ಬುಡಸಹಿತ ಅಲುಗಿಸಿತು. 2001ರ ಡಿಸೆಂಬರಿನಲ್ಲಿ ಜರ್ಮನಿಯ ಬಾನ್ ನಗರದಲ್ಲಿ ಒಪ್ಪಂದವಾಗಿ ಹೊಸ ಆಡಳಿತವು ಆರಂಭವಾದಾಗ, ನ್ಯಾಯವ್ಯವಸ್ಥೆಯ ಪುನರುದ್ಧಾರದ ಹೊಣೆಯನ್ನು ಸಹಾಯಕ ರಾಷ್ಟ್ರಗಳ ಪೈಕಿ ಇಟಲಿಯು ವಹಿಸಿಕೊಂಡಿತು. 2004ರ ಸಂವಿಧಾನವು ಒಂಬತ್ತು ಮಂದಿಯ ಸರ್ವೋಚ್ಚ ನ್ಯಾಯಾಲಯವನ್ನೂ ಅದರ ಕೆಳಗೆ ಮೇಲ್ಮನವಿಯ ಮತ್ತು ಪ್ರಾಥಮಿಕ ನ್ಯಾಯಾಲಯಗಳನ್ನೂ ಏರ್ಪಡಿಸಿತು. ಶಾಸನವು ಮೌನವಾಗಿರುವಲ್ಲಿ ಹನಫಿ ಧರ್ಮಶಾಸ್ತ್ರವನ್ನು ಅನುಸರಿಸತಕ್ಕದ್ದೆಂದೂ, ಷಿಯಾ ಪಂಥದವರ ಕೌಟುಂಬಿಕ ವಿಷಯಗಳಿಗೆ ಅವರದೇ ಶಾಸ್ತ್ರವು ಅನ್ವಯಿಸತಕ್ಕದ್ದೆಂದೂ ಅದು ವಿಧಿಸಿತು. ವಿಚಾರಣೆ ಬಹಿರಂಗವಾಗಿರಬೇಕು, ಆರೋಪಿಗೆ ವಕೀಲನಿರಬೇಕು, ನ್ಯಾಯಾಧೀಶನು ತನ್ನ ತೀರ್ಪಿಗೆ ಕಾರಣಗಳನ್ನು ಹೇಳಬೇಕು ಎಂಬ ಮಾತುಗಳೆಲ್ಲವೂ ಅದರಲ್ಲಿದ್ದುವು. ಏಷ್ಯಾ ಖಂಡದ ಉತ್ತಮ ಸಂವಿಧಾನಗಳ ಸಾಲಿನಲ್ಲಿ ಅದನ್ನು ನಿಲ್ಲಿಸಬಹುದಾಗಿದ್ದಿತು.

ಪ್ರಜೆಯು ಆ ಬಾಗಿಲಿಗೆ ಬಂದಾಗ ಕಂಡುದು ಬೇರೆ. ಮೊದಲ ವರ್ಷಗಳಲ್ಲಿ ನ್ಯಾಯಾಧೀಶನ ಮಾಸಿಕ ವೇತನವು ನೂರು ಡಾಲರಿಗೂ ಕಡಿಮೆಯಿದ್ದು, ಆತನು ಕಾಬೂಲಿನಂತಹ ನಗರದಲ್ಲಿ ಒಂದು ಮನೆಯ ಬಾಡಿಗೆಯನ್ನು ಕೊಡಲಾರದವನಾಗಿದ್ದನು. ಕಚೇರಿಯ ಮುಂದೆ ಕಮಿಷನ್‌ಕಾರರೆಂಬ ದಲ್ಲಾಳಿಗಳು ನಿಂತಿರುತ್ತಿದ್ದರು. ಯಾವ ಕಡತಕ್ಕೆ ಎಷ್ಟು, ಯಾವ ಸಹಿಗೆ ಎಷ್ಟು ಎಂಬುದನ್ನು ಅವರು ಬಲ್ಲರು. ಲಂಚವನ್ನು ಲಂಚವೆನ್ನದೆ ‘ಶಿರೀನಿ’, ಎಂದರೆ ಸಿಹಿತಿಂಡಿ, ಎಂದು ಕೇಳುತ್ತಿದ್ದರು. ‘ವಾಸ್ತಾ’, ಅಂದರೆ ಬಲ್ಲವರ ಶಿಫಾರಸು, ಇದ್ದವನಿಗೆ ಹಣ ಕಡಿಮೆ, ಇಲ್ಲದವನಿಗೆ ಹೆಚ್ಚು. ಮಾದಕವಸ್ತು ಹಾಗೂ ಅಪರಾಧಗಳಿಗೆ ಸಂಬಂಧಿಸಿದ ವಿಶ್ವಸಂಸ್ಥೆಯ ಕಚೇರಿಯು 7,600 ಮಂದಿಯನ್ನು ವಿಚಾರಿಸಿ 2010ರ ಜನವರಿಯಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಅದಕ್ಕೆ ಹಿಂದಿನ ಹನ್ನೆರಡು ತಿಂಗಳುಗಳಲ್ಲಿ ಅಫಘಾನರು ತೆತ್ತ ಲಂಚದ ಮೊತ್ತ ಸುಮಾರು 250 ಕೋಟಿ ಡಾಲರು. ದೇಶದ ಒಟ್ಟು ಉತ್ಪನ್ನದ ಹತ್ತಿರ ಹತ್ತಿರ ಕಾಲುಭಾಗ. ತಲಾ ವಾರ್ಷಿಕ ಉತ್ಪನ್ನವು 425 ಡಾಲರಾಗಿದ್ದ ಆ ನಾಡಿನಲ್ಲಿ ಒಂದು ಲಂಚದ ಸರಾಸರಿ ಮೊತ್ತವು 160 ಡಾಲರು. ಇಬ್ಬರಲ್ಲಿ ಒಬ್ಬರು ಆ ವರ್ಷದಲ್ಲಿ ಒಂದು ಸಲವಾದರೂ ಲಂಚ ಕೊಟ್ಟಿದ್ದರು. ಈ ಅಂಕಿಗಳನ್ನು ಓದುವಾಗ ಒಂದು ಸಂಗತಿಯನ್ನು ಮರೆಯಬಾರದು: ಲಂಚ ಕೊಟ್ಟವನು ಹಣವನ್ನು ಮಾತ್ರವೇ ಕಳೆದುಕೊಂಡವನಲ್ಲ. ತನ್ನ ಪರವಾಗಿ ತೀರ್ಪು ಬಂದರೂ ಅದು ಸತ್ಯದ ಬಲದಿಂದ ಬಂದಿತೆಂದು ನಂಬುವ ಹಕ್ಕನ್ನೂ ಆತನು ಕಳೆದುಕೊಂಡನು.

ಇದಕ್ಕಿಂತಲೂ ಜನರ ಮನಸ್ಸನ್ನು ಆಳವಾಗಿ ನೋಯಿಸಿದುದು ಬಲಿಷ್ಠರ ನಿರ್ಭಯತೆ. 2003ರಲ್ಲಿ ಕಾಬೂಲಿನ ಷೇರ್‌ಪುರ್ ಎಂಬ ಬಡಾವಣೆಯಲ್ಲಿ ಬಡವರ ಮನೆಗಳನ್ನು ಯಂತ್ರಗಳಿಂದ ಕೆಡವಿಸಿ, ಆ ನೆಲವನ್ನು ಮಂತ್ರಿಗಳಿಗೂ ದಳಪತಿಗಳಿಗೂ ಹಂಚಲಾಯಿತು. ವಸತಿಯ ಹಕ್ಕಿನ ವಿಷಯದಲ್ಲಿ ಆಗ ವಿಶ್ವಸಂಸ್ಥೆಯ ವಿಶೇಷ ವರದಿಗಾರರಾಗಿದ್ದ, ಭಾರತೀಯರೇ ಆದ ಮಿಲೂನ್ ಕೊಠಾರಿಯವರು ಇದನ್ನು ಬಹಿರಂಗವಾಗಿ ಖಂಡಿಸಿದರು. ಆದರೂ ಆ ನೆಲದ ಮೇಲೆ ಅಮೃತಶಿಲೆಯ ಕಂಬಗಳ ಭವನಗಳು ಎದ್ದುವು. 2005ರಲ್ಲಿ ಅಫಘಾನ ಸ್ವತಂತ್ರ ಮಾನವ ಹಕ್ಕುಗಳ ಆಯೋಗವು ದೇಶದುದ್ದಕ್ಕೂ ಸಾವಿರಾರು ಜನರನ್ನು ಕೇಳಿ ಸಿದ್ಧಪಡಿಸಿದ ವರದಿಯಲ್ಲಿ, ಶೇಕಡ 69ರಷ್ಟು ಮಂದಿ ತಾವು ಅಥವಾ ತಮ್ಮ ಹತ್ತಿರದ ಕುಟುಂಬದವರು ಯುದ್ಧಕಾಲದ ಘೋರ ದೌರ್ಜನ್ಯಗಳಿಗೆ ಗುರಿಯಾದವರೆಂದು ಹೇಳಿಕೊಂಡರು. ಅಪರಾಧಿಗಳನ್ನು ಅಧಿಕಾರಸ್ಥಾನಗಳಿಂದ ದೂರವಿಡಬೇಕೆಂಬುದು ಅವರಲ್ಲಿ ಬಹುಸಂಖ್ಯಾತರ ಪ್ರಾರ್ಥನೆಯಾಗಿದ್ದಿತು. ಎರಡು ವರ್ಷಗಳು ಕಳೆಯುವಷ್ಟರಲ್ಲಿ, ಆ ದಳಪತಿಗಳೇ ಅನೇಕರು ಕುಳಿತಿದ್ದ ಸಂಸತ್ತು ಯುದ್ಧಕಾಲದ ಕೃತ್ಯಗಳಿಗೆಲ್ಲ ಕ್ಷಮಾದಾನವನ್ನು ನೀಡುವ ಶಾಸನವನ್ನು ಅಂಗೀಕರಿಸಿತು. 2010ರಲ್ಲಿ ಕಾಬೂಲ್ ಬ್ಯಾಂಕು ಕುಸಿದು ಸುಮಾರು 90 ಕೋಟಿ ಡಾಲರು ಮಾಯವಾಯಿತು; ಅದರಲ್ಲಿ ಶಿಕ್ಷೆಗೊಳಗಾದ ಒಬ್ಬ ಪ್ರಮುಖನು 2015ರಲ್ಲಿ, ಶಿಕ್ಷೆಯ ಅವಧಿ ಮುಗಿಯುವುದಕ್ಕೆ ಮುನ್ನವೇ, ಸರ್ಕಾರದೊಡನೆ ನಗರನಿರ್ಮಾಣದ ಒಪ್ಪಂದಕ್ಕೆ ಸಹಿ ಹಾಕುತ್ತಿರುವುದನ್ನು ಜನರು ದೂರದರ್ಶನದಲ್ಲಿ ಕಂಡರು. ಜನರ ಕೋಪಕ್ಕೆ ಹೆದರಿ ಒಪ್ಪಂದವನ್ನು ಕೈಬಿಡಬೇಕಾಯಿತು. ಒಂದು ಕುರಿಯನ್ನು ಕದ್ದವನು ಸೆರೆಮನೆಯಲ್ಲಿರುವಾಗ ಈ ದೃಶ್ಯಗಳನ್ನು ನೋಡಿದ ಹಳ್ಳಿಗನಿಗೆ, ಕಾನೂನಿನ ಮುಂದೆ ಸಮಾನತೆಯ ಕುರಿತು ಯಾವ ಉಪನ್ಯಾಸವನ್ನು ತಾನೇ ಯಾರು ಮಾಡಬಲ್ಲರು?

2015ರ ಮಾರ್ಚ್ 19ರಂದು ಕಾಬೂಲಿನ ಷಾ-ದೋ ಷಂಷೀರಾ ದರ್ಗಾದ ಬಳಿ ನಡೆದ ಘಟನೆಯು ಈ ಎಲ್ಲ ಅನುಭವಗಳನ್ನು ಒಂದೇ ಮಧ್ಯಾಹ್ನದಲ್ಲಿ ಬಯಲಿಗೆ ತಂದಿತು. ಫರ್ಖುಂದಾ ಮಲಿಕ್‌ಜಾದಾ 27 ವರ್ಷದ ತರುಣಿ, ಧರ್ಮಶಾಸ್ತ್ರವನ್ನು ಓದುತ್ತಿದ್ದವಳು, ದರ್ಗಾದಲ್ಲಿ ತಾಯಿತ ಮಾರುವುದು ಧರ್ಮಕ್ಕೆ ಒಪ್ಪತಕ್ಕುದಲ್ಲವೆಂದು ಅಲ್ಲಿದ್ದವನೊಡನೆ ವಾದಿಸಿದಳು. ಆತನು ಅವಳು ಕುರಾನನ್ನು ಸುಟ್ಟಳೆಂದು ಕೂಗಿದನು. ಜನರು ಗುಂಪುಗೂಡಿ ಅವಳನ್ನು ಹೊಡೆದು ಕೊಂದು, ದೇಹವನ್ನು ಕಾಬೂಲ್ ನದಿಯ ಒಣ ಪಾತ್ರಕ್ಕೆ ಎಸೆದು ಬೆಂಕಿಯಿಟ್ಟರು. ಪೊಲೀಸರು ಅಲ್ಲಿಯೇ ಇದ್ದರು. ಹಲವರು ಕೈಕಟ್ಟಿ ನೋಡುತ್ತಿದ್ದರು. ಆರೋಪವು ಶುದ್ಧಾಂಗ ಸುಳ್ಳೆಂಬುದು ತನಿಖೆಯಿಂದ ತಿಳಿದುಬಂದಿತು. ಶವಸಂಸ್ಕಾರದ ದಿನ ಆ ದೇಶದಲ್ಲಿ ಹಿಂದೆ ಕಾಣದಿದ್ದ ಒಂದು ಕಾರ್ಯ ನಡೆಯಿತು: ಶವಪೆಟ್ಟಿಗೆಯನ್ನು ಮುಟ್ಟಲು ಪುರುಷರಿಗೆ ಅವಕಾಶ ಕೊಡದೆ ಹೆಂಗಸರೇ ಅದನ್ನು ಹೆಗಲ ಮೇಲೆ ಹೊತ್ತು ಸ್ಮಶಾನಕ್ಕೆ ಸಾಗಿಸಿದರು. ಸಾವಿರಾರು ಜನ ಬೀದಿಗಿಳಿದು ನ್ಯಾಯವನ್ನು ಕೇಳಿದರು.

ನ್ಯಾಯಾಲಯವು ಆ ಕೂಗಿಗೆ ಉತ್ತರ ಕೊಟ್ಟ ಬಗೆಯನ್ನು ಗಮನಿಸಬೇಕು. ಹತ್ತೊಂಬತ್ತು ಮಂದಿ ಪೊಲೀಸರನ್ನು ಸೇರಿಸಿಕೊಂಡು ನಲವತ್ತೊಂಬತ್ತು ಆರೋಪಿಗಳ ಮೊಕದ್ದಮೆಯನ್ನು, ದೂರದರ್ಶನದಲ್ಲಿ ಬಿತ್ತರಿಸುತ್ತ, ಮೇ ತಿಂಗಳಿನ ಕೆಲವೇ ದಿನಗಳಲ್ಲಿ ವಿಚಾರಿಸಲಾಯಿತು. ನಾಲ್ವರಿಗೆ ಮರಣದಂಡನೆಯನ್ನು ವಿಧಿಸಲಾಯಿತು. ಹನ್ನೊಂದು ಮಂದಿ ಪೊಲೀಸರಿಗೆ ಒಂದೊಂದು ವರ್ಷದ ಶಿಕ್ಷೆಯಾಯಿತು. ಅದೇ ಜುಲೈಯಲ್ಲಿ ಮೇಲ್ಮನವಿಯ ನ್ಯಾಯಾಲಯವು ಮರಣದಂಡನೆಗಳನ್ನು ರದ್ದುಮಾಡಿ ಕಾರಾವಾಸಕ್ಕೆ ಇಳಿಸಿತು. ಆರೋಪಿಗಳಲ್ಲಿ ಅನೇಕರಿಗೆ ತಕ್ಕ ವಕೀಲರಿರಲಿಲ್ಲ. ಸಾಕ್ಷ್ಯವನ್ನು ಸಾವಧಾನದಿಂದ ಪರಿಶೀಲಿಸಲು ಕಾಲವಿರಲಿಲ್ಲ. ಫರ್ಖುಂದಾಳ ಪರವಾಗಿ ಬೀದಿಗಿಳಿದವರಿಗೆ ಮೇಲ್ಮನವಿಯ ತೀರ್ಪು ದ್ರೋಹವೆಂದು ಕಂಡಿತು, ಆರೋಪಿಗಳ ಮನೆಯವರಿಗೆ ಮೊದಲ ವಿಚಾರಣೆಯೇ ಅನ್ಯಾಯವೆಂದು ಕಂಡಿತು. ನನ್ನ ಎಣಿಕೆಯಲ್ಲಿ ಇಬ್ಬರ ದುಃಖಕ್ಕೂ ಮೂಲ ಒಂದೇ: ತೀರ್ಪಿನ ಹಿಂದಿನ ಕಾರಣಗಳನ್ನು ಸಹನೆಯಿಂದ ಬಿಡಿಸಿ ಹೇಳಿ, ಒಪ್ಪದವನೂ ತಲೆಬಾಗುವಂತೆ ಮಾಡಬೇಕಾದ ಸಂಸ್ಥೆಯು, ಮೊದಲು ಜನರ ಕೋಪದ ವೇಗಕ್ಕೆ ತಾನು ಓಡಿ, ಆಮೇಲೆ ಮುಚ್ಚಿದ ಬಾಗಿಲಿನೊಳಗೆ ಹಿಂದೆ ಸರಿಯಿತು.

ಹೆಂಗಸರ ಮಟ್ಟಿಗೆ ಸರ್ಕಾರದ ನ್ಯಾಯಾಲಯವು ಆಸರೆಯೂ ಆಗಿದ್ದಿತು, ಅಪಾಯವೂ ಆಗಿದ್ದಿತು. ಗಂಡನ ಹಿಂಸೆಯಿಂದಲೋ ಬಲವಂತದ ಮದುವೆಯಿಂದಲೋ ತಪ್ಪಿಸಿಕೊಂಡು ಓಡಿಬಂದವಳನ್ನು, ಹಾಗೆ ಓಡಿಬರುವುದು ಅಪರಾಧವೆಂದು ಯಾವ ಲಿಖಿತ ಶಾಸನವೂ ಹೇಳದಿದ್ದರೂ, ಸೆರೆಮನೆಗೆ ಹಾಕುವ ನ್ಯಾಯಾಧೀಶರಿದ್ದರು; 2012ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯು ಇಂತಹ ‘ನೈತಿಕ ಅಪರಾಧ’ಗಳಿಗಾಗಿ ಸುಮಾರು 400 ಹೆಂಗಸರೂ ಹುಡುಗಿಯರೂ ಬಂಧನದಲ್ಲಿದ್ದರೆಂದು ವರದಿ ಮಾಡಿತು. ಇನ್ನೊಂದು ಕಡೆ, ಕಾಬೂಲ್ ಮೊದಲಾದ ನಗರಗಳಲ್ಲಿ ಮಹಿಳಾ ನ್ಯಾಯಾಧೀಶರು ಬಂದರು. 2021ರ ಹೊತ್ತಿಗೆ ಅವರ ಸಂಖ್ಯೆ 250ರಷ್ಟಿದ್ದಿತು. ತಾನು ಅನುಭವಿಸಿದುದನ್ನು ಗಂಡಸಿನ ಮುಂದೆ ಬಾಯಿಬಿಟ್ಟು ಹೇಳಲಾರದ ಹೆಣ್ಣಿಗೆ ಆ ಪೀಠದಲ್ಲಿ ಇನ್ನೊಬ್ಬ ಹೆಣ್ಣು ಕುಳಿತಿರುವುದರ ಅರ್ಥವೇನೆಂಬುದನ್ನು ಹೆಚ್ಚು ವಿಸ್ತರಿಸಬೇಕಾಗಿಲ್ಲ. 2015ರಲ್ಲಿ ನ್ಯಾಯಾಧೀಶೆ ಅನೀಸಾ ರಸೂಲಿಯವರನ್ನು ಸರ್ವೋಚ್ಚ ನ್ಯಾಯಾಲಯಕ್ಕೆ ನಾಮನಿರ್ದೇಶನ ಮಾಡಿದಾಗ, ಬೇಕಾಗಿದ್ದ ಬೆಂಬಲಕ್ಕೆ ಒಂಬತ್ತು ಮತಗಳು ಕಡಿಮೆಬಿದ್ದು ಸಂಸತ್ತು ಅದನ್ನು ತಿರಸ್ಕರಿಸಿತು.

ಆ ವರ್ಷಗಳ ಒಂದು ಸಣ್ಣ ಪ್ರಯೋಗವನ್ನು ಇಲ್ಲಿ ನೆನೆಯುವುದು ಉಚಿತ. ಇಂಟೆಗ್ರಿಟಿ ವಾಚ್ ಅಫಘಾನಿಸ್ತಾನ್ ಎಂಬ ಸಂಸ್ಥೆಯು ಹಳ್ಳಿಯ ಸಾಮಾನ್ಯ ಜನರನ್ನೇ ಸ್ವಯಂಸೇವಕರನ್ನಾಗಿ ತರಬೇತುಗೊಳಿಸಿ ನ್ಯಾಯಾಲಯಗಳಿಗೆ ಕಳುಹಿಸಿಕೊಟ್ಟಿತು. ಅವರು ವಾದ ಮಾಡಬೇಕಾಗಿರಲಿಲ್ಲ. ಬಹಿರಂಗ ವಿಚಾರಣೆಯ ಹಕ್ಕನ್ನು ಸಂವಿಧಾನವೇ ಕೊಟ್ಟಿದ್ದುದರಿಂದ ಒಳಗೆ ಹೋಗಿ ಕುಳಿತು, ಆರೋಪಿಗೆ ಆರೋಪವನ್ನು ಓದಿಹೇಳಿದರೇ, ವಕೀಲನಿದ್ದನೇ, ಎರಡೂ ಕಡೆಯವರಿಗೆ ಮಾತಿಗೆ ಅವಕಾಶ ಸಿಕ್ಕಿತೇ ಎಂಬುದನ್ನು ಬರೆದುಕೊಂಡು ಬರಬೇಕಾಗಿದ್ದಿತು. ಅದುವರೆಗೆ ನ್ಯಾಯಾಲಯದ ಹೊಸಿಲನ್ನು ಕಂಡರೆ ಹೆದರುತ್ತಿದ್ದ ರೈತನು ಟಿಪ್ಪಣಿ ಪುಸ್ತಕ ಹಿಡಿದು ಹಿಂದಿನ ಬೆಂಚಿನಲ್ಲಿ ಕುಳಿತನು. ಕೋಟಿಗಟ್ಟಲೆ ಹಣ ವೆಚ್ಚಮಾಡಿ ಕಟ್ಟಿದ ಕಟ್ಟಡಗಳಿಗಿಂತ, ಪರದೇಶದ ತಜ್ಞರು ಆಂಗ್ಲಭಾಷೆಯಲ್ಲಿ ಬರೆದ ಕರಡುಗಳಿಗಿಂತ, ಈ ಬೆಂಚಿನ ಮೇಲೆ ಕುಳಿತ ರೈತನೇ ನ್ಯಾಯಾಡಳಿತದ ನಿಜವಾದ ಆರಂಭವೆಂದು ನಾನು ನಂಬುತ್ತೇನೆ. ಜಿರ್ಗಾದಲ್ಲಿ ಜನರು ಮೆಚ್ಚಿದುದೂ ಇದನ್ನೇ: ತೀರ್ಪು ಕೊಡುವವನು ತಮ್ಮ ಕಣ್ಣಿಗೆ ಕಾಣುತ್ತಾನೆ, ತಾವು ಅವನ ಕಣ್ಣಿಗೆ ಕಾಣುತ್ತೇವೆ. ಇಂತಹ ಬೆಂಚುಗಳು ಕೆಲವೇ ಜಿಲ್ಲೆಗಳಲ್ಲಿ ಇದ್ದುವು, ಕೆಲವೇ ವರ್ಷಗಳು ಇದ್ದುವು.

ಆ ತೆರವಿನಲ್ಲಿ ಇನ್ನೊಂದು ನ್ಯಾಯಾಲಯವು ನೆಲೆಯೂರಿತು. ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದ ಮಧ್ಯಭಾಗದಿಂದ ತಾಲಿಬಾನರು, ತಾವು ಇನ್ನೂ ಬಂಡಾಯಗಾರರಾಗಿದ್ದಾಗಲೇ, ಗ್ರಾಮಾಂತರ ಪ್ರದೇಶಗಳಲ್ಲಿ ಖಾಜಿಗಳನ್ನು ನೇಮಿಸಿದರು. ಈ ಖಾಜಿಗಳು ವಿಮಾನದಾಳಿಯ ಭಯದಿಂದ ಇಂದು ಒಂದು ಮಸೀದಿಯಲ್ಲಿ, ನಾಳೆ ಒಂದು ತೋಟದಲ್ಲಿ ಕುಳಿತು ವ್ಯಾಜ್ಯವನ್ನು ಕೇಳುತ್ತಿದ್ದರು; ಒಂದೇ ಜಿಲ್ಲೆಯಲ್ಲಿ ಬಹುಕಾಲ ನಿಂತು ಸ್ಥಳೀಯರೊಡನೆ ಬೆರೆತುಹೋಗದಂತೆ ಅವರನ್ನು ವರ್ಗಾಯಿಸುತ್ತಿದ್ದರು; ಲಂಚ ತಿಂದ ಖಾಜಿಗೆ ದಂಡನೆಯಾಗುತ್ತಿದ್ದಿತು. ಸರ್ಕಾರದ ಕೋರ್ಟಿನಲ್ಲಿ ವರ್ಷಗಟ್ಟಲೆ ನಿಂತಿದ್ದ ಭೂವ್ಯಾಜ್ಯವು ಅಲ್ಲಿ ಕೆಲವು ವಾರಗಳಲ್ಲಿ ಮುಗಿಯುತ್ತಿದ್ದಿತು, ಮತ್ತು ಮುಗಿದುದನ್ನು ಮೀರುವ ಧೈರ್ಯ ಯಾರಿಗೂ ಇರುತ್ತಿರಲಿಲ್ಲ. ಸರ್ಕಾರದ ವಶದಲ್ಲಿದ್ದ ಪಟ್ಟಣಗಳಿಂದಲೂ ಜನರು ತಮ್ಮ ಕಾಗದಪತ್ರಗಳನ್ನು ಕಟ್ಟಿಕೊಂಡು ಅಲ್ಲಿಗೆ ಹೋದರು. ಈ ನ್ಯಾಯಾಲಯಗಳನ್ನು ಕುರಿತು ದೀರ್ಘಕಾಲ ಅಧ್ಯಯನ ನಡೆಸಿದ ಫ್ರಾನ್ಸಿನ ವಿದ್ವಾಂಸ ಆಡಂ ಬಾಚ್ಕೋ ಅವರು, ಬಂದೂಕದಷ್ಟೇ ತೀರ್ಪೂ ತಾಲಿಬಾನರ ಆಯುಧವಾಗಿದ್ದಿತೆಂಬುದನ್ನು ವಿಶದವಾಗಿ ತೋರಿಸಿದ್ದಾರೆ. ಹೊರಗಿನವರು ಯುದ್ಧದ ಗೆಲವುಸೋಲುಗಳನ್ನು ಕೋಟೆಕೊತ್ತಲಗಳ ಲೆಕ್ಕದಿಂದ ಎಣಿಸುತ್ತಿದ್ದಾಗ, ಒಂದೊಂದು ಹೊಲದ ಬದುವಿನ ಮೇಲೆ ಒಂದು ಪ್ರಭುತ್ವವು ಸೋಲುತ್ತಲೂ ಇನ್ನೊಂದು ಗೆಲ್ಲುತ್ತಲೂ ಇದ್ದಿತು.

ಹೀಗೆ ಅಲ್ಲಿಗೆ ಹೋದವರನ್ನು ನಾವು ದೂರಲಾಗದು. ಆದರೆ ಶೀಘ್ರತೆಯೂ ನ್ಯಾಯವೂ ಒಂದೇ ಅಲ್ಲವೆಂಬುದನ್ನು ಅದೇ ಜನರು ಬೇಗನೆ ಅನುಭವಿಸಬೇಕಾಯಿತು. 2021ರ ಆಗಸ್ಟಿನಲ್ಲಿ ತಾಲಿಬಾನರು ಕಾಬೂಲನ್ನು ಪ್ರವೇಶಿಸಿದ ಬಳಿಕ 2004ರ ಸಂವಿಧಾನವು ಆಚರಣೆಯಿಂದ ಬಿದ್ದುಹೋಯಿತು. ಹಿಂದಿನ ನ್ಯಾಯಾಧೀಶರನ್ನು ತೆಗೆದು ಅವರ ಸ್ಥಾನದಲ್ಲಿ ಮದರಸಾಗಳಲ್ಲಿ ಓದಿದ ಉಲೇಮಾಗಳನ್ನು ಕೂರಿಸಲಾಯಿತು. ಅದೇ ನವೆಂಬರಿನಲ್ಲಿ ವಕೀಲರ ಸ್ವತಂತ್ರ ಸಂಘವು ನ್ಯಾಯ ಮಂತ್ರಾಲಯದ ಅಧೀನವಾಯಿತು. ಮಹಿಳೆಯರಿಗೆ ವಕೀಲಿಯ ಪರವಾನಗಿ ಇಲ್ಲದಂತಾಯಿತು. 2022ರ ಮೇ ತಿಂಗಳಿನಲ್ಲಿ, ಹಿಂದೆ ಹೇಳಿದ ಮಾನವ ಹಕ್ಕುಗಳ ಆಯೋಗವನ್ನು ವಿಸರ್ಜಿಸಲಾಯಿತು. ಅದೇ ವರ್ಷದ ನವೆಂಬರಿನಲ್ಲಿ ತಾಲಿಬಾನರ ಪರಮನಾಯಕ ಹಿಬತುಲ್ಲಾ ಅಖುಂದ್‌ಜಾದಾ ಹುದೂದ್, ಎಂದರೆ ಧರ್ಮಶಾಸ್ತ್ರವು ನಿಗದಿಪಡಿಸಿದ, ಮತ್ತು ಕಿಸಾಸ್, ಎಂದರೆ ಮುಯ್ಯಿಗೆ ಮುಯ್ಯಿಯ, ದಂಡನೆಗಳನ್ನು ಜಾರಿಮಾಡುವಂತೆ ನ್ಯಾಯಾಧೀಶರಿಗೆ ಆಜ್ಞಾಪಿಸಿದನು. ಡಿಸೆಂಬರಿನಲ್ಲಿ ಫರಾಹ್ ಪ್ರಾಂತದಲ್ಲಿ ಅಧಿಕಾರಗ್ರಹಣಾನಂತರದ ಮೊದಲ ಬಹಿರಂಗ ಮರಣದಂಡನೆ ನಡೆಯಿತು. 2023ರಲ್ಲಿ ವರ್ಲ್ಡ್ ಜಸ್ಟಿಸ್ ಪ್ರಾಜೆಕ್ಟ್ ಸಂಸ್ಥೆಯು ಕಾನೂನಿನ ಆಳ್ವಿಕೆಯ ದೃಷ್ಟಿಯಿಂದ 142 ದೇಶಗಳನ್ನು ಅಳೆದಾಗ ಅಫಘಾನಿಸ್ತಾನವು 140ನೆಯದಾಗಿ ನಿಂತಿತು.

ಹೊಸ ಆಡಳಿತದ ಪರವಾಗಿ ಹೇಳಬೇಕಾದುದನ್ನು ಹೇಳದಿರುವುದು ಸರಿಯಲ್ಲ. ದಾರಿಯಲ್ಲಿ ಬಂದೂಕ ಹಿಡಿದು ಸುಂಕ ವಸೂಲು ಮಾಡುತ್ತಿದ್ದ ದಳಗಳು ಅನೇಕ ಕಡೆ ಇಲ್ಲವಾದುವು. 2021ರ ಡಿಸೆಂಬರಿನಲ್ಲಿ ಹೊರಟ ಒಂದು ಆಜ್ಞೆಯು, ಹೆಣ್ಣು ಯಾರ ಸೊತ್ತೂ ಅಲ್ಲ, ಅವಳ ಒಪ್ಪಿಗೆಯಿಲ್ಲದೆ ಮದುವೆ ಕೂಡದು, ವಿಧವೆಗೆ ಆಸ್ತಿಯಲ್ಲಿ ಅವಳ ಪಾಲು ಸಲ್ಲಬೇಕು ಎಂದು ಹೇಳಿತು. ಶಾಂತಿಗಾಗಿ ಹೆಣ್ಣನ್ನು ಕೊಡುವುದನ್ನೂ ಅದು ನಿಷೇಧಿಸಿತು. ಮಾತು ಒಳ್ಳೆಯದೇ. ಆದರೆ ಆ ಆಜ್ಞೆಯನ್ನು ಹಿಡಿದುಕೊಂಡು ಅವಳು ಯಾರ ಬಳಿಗೆ ಹೋಗಬೇಕು? ಅವಳ ಮಾತನ್ನು ಕೇಳಲು ಮಹಿಳಾ ನ್ಯಾಯಾಧೀಶರಿಲ್ಲ, ಅವಳ ಪರವಾಗಿ ವಾದಿಸಲು ಮಹಿಳಾ ವಕೀಲರಿಲ್ಲ, ಹಿಂಸೆಯ ಮೊಕದ್ದಮೆಗಳಿಗೆಂದೇ ಏರ್ಪಟ್ಟಿದ್ದ ವಿಶೇಷ ನ್ಯಾಯಾಲಯಗಳಿಲ್ಲ, ಹತ್ತಿರದ ಸಂಬಂಧಿಯಾದ ಪುರುಷನ ಜೊತೆಯಿಲ್ಲದೆ ದೂರ ಪ್ರಯಾಣ ಮಾಡುವಂತಿಲ್ಲ. ಹಿಂದಿನ ನ್ಯಾಯಾಲಯಗಳಿಂದ ವಿಚ್ಛೇದನ ಪಡೆದು ಹೊಸ ಬಾಳು ಕಟ್ಟಿಕೊಂಡಿದ್ದ ಕೆಲವರ ವಿಚ್ಛೇದನಗಳನ್ನು ಹೊಸ ಖಾಜಿಗಳು ರದ್ದುಪಡಿಸಿದ ವರದಿಗಳೂ ಬಂದಿವೆ. 2025ರ ಜುಲೈ 8ರಂದು ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವು, ಹೆಂಗಸರನ್ನೂ ಹುಡುಗಿಯರನ್ನೂ ಲಿಂಗದ ಕಾರಣದಿಂದ ಪೀಡಿಸಿದ ಆರೋಪದ ಮೇಲೆ ಇಬ್ಬರ ಹೆಸರಿನಲ್ಲಿ ಬಂಧನದ ಆಜ್ಞೆಯನ್ನು ಹೊರಡಿಸಿತು. ಒಬ್ಬನು ಅಖುಂದ್‌ಜಾದಾ, ಇನ್ನೊಬ್ಬನು ತಾಲಿಬಾನರ ಮುಖ್ಯ ನ್ಯಾಯಾಧೀಶನಾದ ಅಬ್ದುಲ್ ಹಕೀಂ ಹಕ್ಕಾನಿ.

ಅಫಘಾನರಿಗೆ ನ್ಯಾಯಾಡಳಿತ ಬೇಕಾಗಿರಲಿಲ್ಲವೆಂದು ಹೇಳುವವರು ಈ ಚರಿತ್ರೆಯನ್ನು ಇನ್ನೊಮ್ಮೆ ಓದಬೇಕು. ಒಂದು ಬಾಗಿಲು ಮುಚ್ಚಿದರೆ ಇನ್ನೊಂದಕ್ಕೆ, ಅದೂ ಮುಚ್ಚಿದರೆ ಮತ್ತೊಂದಕ್ಕೆ, ಪತ್ರಗಳ ಗಂಟನ್ನು ಹೊತ್ತು ನಲವತ್ತು ವರ್ಷ ಅಲೆದ ಜನ ಅವರು. ಮಗಳ ಶವವನ್ನು ತಾವೇ ಹೊತ್ತು ಕಾನೂನಿನ ಹೆಸರನ್ನು ಕೂಗಿದ ಜನ ಅವರು. ಅವರು ಕೇಳಿದುದು ಅಪೂರ್ವವಾದ ವಸ್ತುವೇನಲ್ಲ: ನಮ್ಮ ಮಾತನ್ನು ಕೇಳಿ, ನಿಮ್ಮ ಕಾರಣವನ್ನು ಹೇಳಿ, ನಮಗೆ ಅನ್ವಯಿಸುವುದನ್ನು ದಳಪತಿಗೂ ಅನ್ವಯಿಸಿ. ಬಾನ್ ಒಪ್ಪಂದದ ನಂತರದ ಇಪ್ಪತ್ತು ವರ್ಷಗಳಲ್ಲಿ ಸಹಾಯಕ ರಾಷ್ಟ್ರಗಳು ಮೂರನೆಯ ಬೇಡಿಕೆಯನ್ನು ಈಡೇರಿಸಲು ಮನಸ್ಸು ಮಾಡಲಿಲ್ಲ, ಏಕೆಂದರೆ ಯುದ್ಧವನ್ನು ನಡೆಸಲು ಅವರಿಗೆ ಆ ದಳಪತಿಗಳು ಬೇಕಾಗಿದ್ದರು. ಆ ಅಪರಾಧದಲ್ಲಿ ಅವರ ಪಾಲು ದೊಡ್ಡದು.

2021ರ ಜನವರಿ 17ರಂದು ಕಾಬೂಲಿನಲ್ಲಿ, ಸರ್ವೋಚ್ಚ ನ್ಯಾಯಾಲಯದಲ್ಲಿ ಕೆಲಸ ಮಾಡುತ್ತಿದ್ದ ಇಬ್ಬರು ಮಹಿಳಾ ನ್ಯಾಯಾಧೀಶರು ಕಚೇರಿಗೆ ಹೊರಟಿದ್ದಾಗ ಗುಂಡಿಗೆ ಬಲಿಯಾದರು. ಏಳು ತಿಂಗಳ ಬಳಿಕ ಸೆರೆಮನೆಗಳ ಬಾಗಿಲುಗಳು ತೆರೆದುವು. ಕೊಲೆಗೂ ಬಲಾತ್ಕಾರಕ್ಕೂ ಮಹಿಳಾ ನ್ಯಾಯಾಧೀಶರಿಂದ ಶಿಕ್ಷೆಗೊಳಗಾಗಿದ್ದವರು ಹೊರಗೆ ಬಂದು ಅವರನ್ನೇ ಹುಡುಕತೊಡಗಿದರು. ಬಹುಮಂದಿ ನ್ಯಾಯಾಧೀಶೆಯರು ಅಂತರರಾಷ್ಟ್ರೀಯ ಮಹಿಳಾ ನ್ಯಾಯಾಧೀಶರ ಸಂಘದ ನೆರವಿನಿಂದ ಹೊರನಾಡುಗಳನ್ನು ಸೇರಿದರು. ಕೆಲವರು ದೇಶದಲ್ಲಿಯೇ, ವೇತನವಿಲ್ಲದೆ, ಮನೆಯಿಂದ ಮನೆಗೆ ಸ್ಥಳ ಬದಲಾಯಿಸುತ್ತ ಅಡಗಿಕೊಂಡು ಉಳಿದರು. ಅದೇ ಆಗಸ್ಟಿನ ಕೊನೆಯ ವಾರದಲ್ಲಿ ನಮ್ಮ ಭಾರತ ಸರ್ಕಾರವು, ದೇಶದ ಹೊರಗಿದ್ದ ಅಫಘಾನರಿಗೆ ಅದುವರೆಗೆ ಕೊಟ್ಟಿದ್ದ ವೀಸಾಗಳನ್ನೆಲ್ಲ ರದ್ದುಗೊಳಿಸಿತು. ಕಾಬೂಲಿನಲ್ಲಿ ಸಂಸದ್ಭವನವನ್ನು ಕಟ್ಟಿಸಿಕೊಟ್ಟು 2015ರಲ್ಲಿ ಅದನ್ನು ಆ ಜನತೆಗೆ ಒಪ್ಪಿಸಿದ ದೇಶ ನಮ್ಮದು. ಆ ಭವನವು ಯಾವ ಶಾಸನಗಳಿಗಾಗಿ ಎದ್ದಿತೋ ಆ ಶಾಸನಗಳನ್ನು ಪೀಠದಲ್ಲಿ ಕುಳಿತು ನಡೆಸಿಕೊಟ್ಟ ಈ ಹೆಣ್ಣುಮಕ್ಕಳಿಗೆ ಆಶ್ರಯ ನೀಡುವ ರಾಷ್ಟ್ರಗಳ ಪಟ್ಟಿಯಲ್ಲಿ ಭಾರತದ ಹೆಸರೂ ಇರಬೇಕು; ಹಾಗೆಂದು ನಮ್ಮ ಸರ್ಕಾರವನ್ನು ಕೇಳುವ ಹಕ್ಕು ನಮಗಿದೆ, ಅದನ್ನು ನಾವು ಚಲಾಯಿಸಬೇಕು.